ಬೂದಿ ಬಣ್ಣದ ಕಂಬಳಿ

ಗೆಳೆಯರೇ, ಇವತ್ತು ನಮ್ಮ ಕಂಬಳಿಯನ್ನು ಒಬ್ಬರು ಹೊಗಳಿದರು. ಕೇಳಿ ನನಗೆ ಅಳು ಬಂತು.

ಕೊಪ್ಪಳದ ಹತ್ತಿರ, ಕಾರ್ಖಾನೆಗಳ ಮಗ್ಗುಲಿನ ನನ್ನ ತುಂಡು ಹೊಲದಲ್ಲಿ ಹವ್ಯಾಸಕ್ಕೆಂದು ಐದು ಬಿಳಿ ಕುರಿ ಸಾಕಿದ್ದೇನೆ. ಉಣ್ಣೆ ನೂಲುವವಳು ಪಕ್ಕದ ಮನೆಯ ಮುದುಕಿ ಹನುಮವ್ವ. ಮೊಮ್ಮಗಳ ಮದುವೆಯಲ್ಲಿ ಮದುಮಕ್ಕಳನ್ನು ಕೂರಿಸಲು ಬಿಳಿ ಕಂಬಳಿಯೇ ಬೇಕೆಂದು ಚಳಿಗಾಲವಿಡೀ ನೂತಳು. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಹಳ್ಳದಲ್ಲಿ ಮೂರು ಸಲ ತೊಳೆದಿದ್ದೆವು. ನೇಯ್ದ ಮೇಲೂ ತೊಳೆದೆವು. ಉಣ್ಣೆಗೆ ಹಿಡಿದ ಕಾರ್ಖಾನೆ ಹೊಗೆಯ ಮಸಿ ಬಿಡಲೇ ಇಲ್ಲ. ಬೂದಿ ಬಣ್ಣದ್ದನ್ನು ಮದುವೆಗೆ ಹಾಸಲು ಹನುಮವ್ವ ಒಪ್ಪಲಿಲ್ಲ.

ಇವತ್ತು ಕಂಬಳಿ ಕೊಳ್ಳಲು ಗಂಗಾವತಿಯಿಂದ ಬಂದ ಹೆಣ್ಣುಮಗಳೊಬ್ಬಳು ಅದನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಬಣ್ಣ ಭಾಳ ಛಲೋ ಐತ್ರಿ! ಏನ್ ಹಾಕೀರಿ ಇದಕ್ಕ?"

ಹನುಮವ್ವ ಕಾರ್ಖಾನೆಯ ಕಡೆ ಕೈ ತೋರಿಸಿದಳು. "ನಾವೇನೂ ಹಾಕಿಲ್ಲ ಯವ್ವಾ, ಆ ಚಿಮಣಿಯವ್ರು ಹಾಕ್ಯಾರ."

ಆಕೆ ತಮಾಷೆ ಎಂದುಕೊಂಡು ನಕ್ಕಳು. "ಇದ ಬಣ್ಣದ್ದು ಇನ್ನೊಂದು ಸಿಗತೈತೇನ್ರಿ?"

ಹನುಮವ್ವ ಕಂಬಳಿಯನ್ನು ನಿಧಾನವಾಗಿ ಮಡಚಿ ಆಕೆಯ ಕೈಗಿಟ್ಟಳು.

"ಎಷ್ಟ್ ಬೇಕಾದ್ರೂ ಮಾಡಿಕೊಡ್ತೀನಿ ಯವ್ವಾ. ಬಿಳೀದೊಂದು ಕೇಳಬ್ಯಾಡ."