ಒಂದೂ ಹತ್ತಕ್ಕೆ ಕಂಡದ್ದು

"ಇದು ಯಾವಾಗ ಶುರುವಾಯ್ತು? ಸರಿಯಾದ ಟೈಮ್ ಹೇಳ್ರಿ."

ದಾವಣಗೆರೆಯ ಆಸ್ಪತ್ರೆಯೊಂದರ ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಡಾಕ್ಟರು ಹೀಗೆ ಕೇಳಿದರು. ಮಂಚದ ಮೇಲೆ ನನ್ನ ಭಾವ ಮಲಗಿದ್ದರು. ಅವರ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಮಂಚದ ಆ ಬದಿಗೆ ಅಕ್ಕ, ಈ ಬದಿಗೆ ನಾನು. ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟೆ. ಕೊಟ್ಟ ಉತ್ತರ ನಿಜವಾಗಿತ್ತು. ಆ ನಿಜ ನನಗೆ ಹೇಗೆ ಗೊತ್ತಾಯಿತು ಎನ್ನುವುದನ್ನು ಮಾತ್ರ ನಾನು ಅಲ್ಲಿ ಹೇಳಲಿಲ್ಲ. ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಭಾವ ಹರಿಹರದ ಹತ್ತಿರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತು ದುಡಿದವರು. ಮನೆ ಗುತ್ತೂರಿನಲ್ಲಿ. ಶಾಲೆಯ ಹಿಂದಿ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದರು. ಹಿಂದಿ ಕಲಿತದ್ದು ದಾವಣಗೆರೆಯ ಟಾಕೀಸುಗಳಲ್ಲಿ. ಆಗೆಲ್ಲ ಹಳೆಯ ಹಿಂದಿ ಚಿತ್ರಗಳು ವಾರಕ್ಕೊಂದರಂತೆ ತಿರುಗಿ ಬರುತ್ತಿದ್ದವು. ಮೊದಲ ಪಾಳಿ ಮುಗಿಸಿ, ಉಗುರಿನ ಸಂದಿಯ ಎಣ್ಣೆ ಕಪ್ಪು ಹೋಗುವ ಮೊದಲೇ ಬಸ್ಸು ಹತ್ತಿ ಬಂದುಬಿಡುತ್ತಿದ್ದರು. ಅಲ್ಲಿಯ ವಿದ್ಯಾನಗರದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ನನ್ನನ್ನೂ ಕರೆದುಕೊಂಡು ಹೋಗುವರು. ಕಥೆ ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಭಾವ ಕಥೆಯನ್ನು ಹೇಳುತ್ತಿರಲಿಲ್ಲ. ಎಲ್ಲಿ ನೋಡಬೇಕು ಎಂದು ಮಾತ್ರ ಹೇಳುತ್ತಿದ್ದರು.

"ಮಾತಾಡೋನ್ನ ಯಾಕ ನೋಡ್ತಿ? ಕೇಳಿಸ್ಕೊಳ್ಳೋರನ್ನ ನೋಡು."

ಒಂದು ಚಿತ್ರದಲ್ಲಿ ಗಂಡ ಬಾಗಿಲಲ್ಲಿ ನಿಂತು, ತಾನು ಇನ್ನು ಈ ಮನೆಗೆ ಬರುವುದಿಲ್ಲ ಎನ್ನುತ್ತಾನೆ. ಹೆಂಡತಿ ಹಿಟ್ಟು ಜರಡಿ ಹಿಡಿಯುತ್ತಿದ್ದಾಳೆ. ಅವಳು ಅಳುವುದಿಲ್ಲ, ತಲೆ ಎತ್ತುವುದಿಲ್ಲ. ಜರಡಿ ಮಾತ್ರ ಒಂದು ಗಳಿಗೆ ನಿಂತು, ಮತ್ತೆ ಆಡುತ್ತದೆ. ಭಾವ ನನ್ನ ಮೊಣಕೈ ಹಿಡಿದು, "ನೋಡ್ದ್ಯಾ, ನಿಂತ್ತು. ಅಲ್ಲೈತೆ ನೋಡು ಆಕ್ಟಿಂಗು," ಎಂದರು. ಟಾಕೀಸಿನಲ್ಲಿ ಉಳಿದವರು ಗಂಡನನ್ನು ಬೈಯುತ್ತಿದ್ದರು. ಆ ಜರಡಿಯನ್ನು ನೋಡಿದವರು ನಾವಿಬ್ಬರೇ ಇರಬೇಕು ಎನ್ನಿಸಿ ನನಗೆ ಹೆಮ್ಮೆಯಾಯಿತು. ಆ ಹೆಮ್ಮೆ ಮುಂದೆ ನಲವತ್ತು ವರ್ಷ ನನ್ನಲ್ಲಿ ಉಳಿಯಿತು.

ಭಾವ ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚಿದ್ದು ಒಂದು ಕಪ್ಪು-ಬಿಳುಪು ಚಿತ್ರದ ನಾಲ್ಕು ನಿಮಿಷದ ದೃಶ್ಯವನ್ನು. ಕುಡಿತದಿಂದ ಕೆಟ್ಟ ವಕೀಲನೊಬ್ಬ ತನ್ನ ತಮ್ಮನ ನಿಶ್ಚಿತಾರ್ಥಕ್ಕೆ ಕರೆಯದೆ ಬರುತ್ತಾನೆ. ಜನರ ನಡುವೆ ನಿಂತು, ಶರಬತ್ತಿನ ಲೋಟ ಎತ್ತಿ, ತಮ್ಮನನ್ನು ಹರಸುತ್ತಾನೆ. ಬೇರೆ ನಟರು ಕೂಗುವ ಕಡೆ ಆ ನಟ ದನಿ ತಗ್ಗಿಸುತ್ತಾನೆ. ತೂರಾಡುವುದಿಲ್ಲ. ಭಾವ ಇದನ್ನೊಂದು ಶಾಸ್ತ್ರದಂತೆ ಹೇಳುತ್ತಿದ್ದರು: "ಕುಡುಕನ ಪಾರ್ಟು ಮಾಡೋನು ತೂರಾಡಬಾರದು. ನೆಟ್ಟಗೆ ನಿಲ್ಲೋಕೆ ಒದ್ದಾಡಬೇಕು. ನಿಜವಾದ ಕುಡುಕ ಹಂಗೇ ಮಾಡ್ತಾನೆ."

ಅವರು ನಿವೃತ್ತರಾದ ಮೇಲೆ ಗುತ್ತೂರಿನ ಮನೆಯಲ್ಲಿ ಒಂದು ರೂಢಿ ಬೆಳೆಯಿತು. ತಿಂಗಳ ಕೊನೆಯ ಭಾನುವಾರ ನಾನು ವಿದ್ಯಾನಗರದಿಂದ ಹೋಗುತ್ತಿದ್ದೆ. ಅಕ್ಕನ ಮಗಳು ದಾವಣಗೆರೆಯದೇ ಕೆ.ಬಿ. ಬಡಾವಣೆಯಿಂದ ಗಂಡನ ಕಾರು ತೆಗೆದುಕೊಂಡು ಬರುತ್ತಿದ್ದಳು. ಮಧ್ಯಾಹ್ನದ ಊಟ ಬೇಗ ಮುಗಿಸಿ ಟಿವಿಗೆ ಪೆನ್‌ಡ್ರೈವ್ ಸಿಕ್ಕಿಸಿ ಹಳೆಯ ಚಿತ್ರವೊಂದನ್ನು ಹಾಕುವುದು. ಹೆಸರಾದ ದೃಶ್ಯ ಬಂದಾಗ ದನಿ ಬಂದ್ ಮಾಡುವುದು. ಭಾವ ಎದ್ದು ಟಿವಿಯ ಪಕ್ಕ ನಿಂತು, ನಟನ ತುಟಿ ಆಡಿದಂತೆ ತಾವೇ ಮಾತು ಹೇಳುವುದು. ಅವರು ಪರದೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆದರೂ ಅಲ್ಲಿ ತುಟಿ ಮುಚ್ಚಿದಾಗ ಇಲ್ಲಿ ಮಾತು ಮುಗಿದಿರುತ್ತಿತ್ತು. ಅರ್ಧ ಶಬ್ದದಷ್ಟೂ ಹಿಂದೆ ಮುಂದೆ ಆದದ್ದನ್ನು ನಾನು ನೋಡಿಲ್ಲ. ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಹುಡುಗರ ಕೈಗೆ ಲೋಲಕ ಕೊಟ್ಟು, ಅದರ ತೂಗಾಟದ ಕಾಲ ಅಳೆಯುವುದನ್ನು ಕಲಿಸಿದವನು ನಾನು. ಇಂಥ ವಿಷಯದಲ್ಲಿ ನನ್ನ ಕಣ್ಣು ತಪ್ಪುವುದು ಕಡಿಮೆ.

ಆ ಭಾನುವಾರ ಕಪ್ಪು-ಬಿಳುಪಿನ ಆ ಚಿತ್ರವೇ ಬೇಕೆಂದು ಕೇಳಿದವನು ನಾನು.

"ಮತ್ತೆ ಅದೇನಾ?" ಅಕ್ಕ ಒಳಗಿನಿಂದ ಅಂದಳು. "ಅದ್ರಾಗೆ ಪಾರ್ಟು ಮಾಡಿದೋರೆಲ್ಲ ಸತ್ತು ಮಣ್ಣಾಗ್ಯಾರೆ. ಬ್ಯಾರೆ ಹಾಕ್ರಿ."

"ಸತ್ತೋರೇ ಚೆನ್ನಾಗ್ ಮಾಡಿದ್ದು ಕಣೆ," ಅಂದರು ಭಾವ. "ಬದುಕಿರೋರು ಬರೀ ಕುಣೀತಾರೆ."

"ಜೀವನದಾಗೆ ಒಂದು ಹನಿ ಮುಟ್ಟಿಲ್ಲ, ಕುಡುಕನ ಪಾರ್ಟು ಅಂದ್ರೆ ಮಾತ್ರ ಎದ್ದು ನಿಂತುಬಿಡ್ತೀರಿ."

"ಮುಟ್ಟಿದ್ರೆ ಅದು ಕುಡಿಯೋದಾಗ್ತಿತ್ತು, ಆಕ್ಟಿಂಗ್ ಎಲ್ಲಿ ಆಗ್ತಿತ್ತೆ?"

ಮಗಳು ನಕ್ಕು ದನಿ ಬಂದ್ ಮಾಡಿದಳು. ಭಾವ ಬಲಗೈಯಲ್ಲಿ ನೀರಿನ ಸ್ಟೀಲ್ ಲೋಟ ಹಿಡಿದು ಎದ್ದರು. ನಾನು ಗೋಡೆಯ ಗಡಿಯಾರ ನೋಡಿದೆ. ಒಂದೂ ಮುಕ್ಕಾಲಿನ ಬಸ್ಸಿಗೆ ಹೊರಡುವುದಿತ್ತು. ದೃಶ್ಯ ಮುಗಿಸಿಯೇ ಹೋಗಬಹುದು ಎಂದು ಲೆಕ್ಕ ಹಾಕಿದೆ. ಗಂಟೆ ಒಂದೂ ಏಳು.

ಮೊದಲ ಎರಡು ಮೂರು ನಿಮಿಷ ಎಂದಿನಂತೆಯೇ ಇತ್ತು. ತಮ್ಮನನ್ನು ಹರಸುವ ಮಾತು ಬಂತು. ಪರದೆಯ ಮೇಲೆ ನಟನ ಲೋಟ ಮೇಲೇರಿತು. ಭಾವನ ಕೈ ಎದೆಯವರೆಗೆ ಬಂದು ಅಲ್ಲೇ ನಿಂತಿತು. ಲೋಟ ವಾಲಿ ನೀರು ಅವರ ಪಾದದ ಮೇಲೆ ಸುರಿಯಿತು. ಅವರು ಕೆಳಗೆ ನೋಡಲಿಲ್ಲ. ಮುಂದಿನ ಮಾತು ಹೇಳಿದರು, ಆದರೆ ತಡವಾಗಿ. ಅಲ್ಲಿ ತುಟಿ ಮುಚ್ಚಿದ ಮೇಲೂ ಇಲ್ಲಿ ಶಬ್ದ ಉಳಿದಿತ್ತು. ಅದು ದಪ್ಪಗೆ, ನಾಲಗೆಯ ಕೆಳಗಿನಿಂದ ಬಂದಂತಿತ್ತು. ಆಮೇಲೆ ಅವರು ನೆಟ್ಟಗೆ ನಿಲ್ಲಲು ಯತ್ನಿಸಿದರು. ಎಡಗೈ ಚಾಚಿ ಟಿವಿಯ ಮೇಜಿನ ಅಂಚು ಹಿಡಿದರು. ನನ್ನತ್ತ ನೋಡಿದರು.

ನನಗೆ ಏನನ್ನಿಸಿತು ಎಂಬುದನ್ನು ಇದ್ದಂತೆ ಬರೆಯುತ್ತೇನೆ. ಇಷ್ಟು ವರ್ಷ ಆ ನಟನ ಹಿಂದೆ ಹಿಂದೆ ಹೋಗುತ್ತಿದ್ದ ಭಾವ ಇವತ್ತು ಅವನನ್ನು ಬಿಟ್ಟು ತಮ್ಮದೇ ದಾರಿ ಹಿಡಿದರು ಎನ್ನಿಸಿತು. ಆ ನಟನೂ ಲೋಟವನ್ನು ಹೀಗೆ ಎದೆಯ ಹತ್ತಿರ ನಿಲ್ಲಿಸಬೇಕಿತ್ತು, ನೀರು ಚೆಲ್ಲಿದ್ದು ಗೊತ್ತಾಗದವನಂತೆ ಇರಬೇಕಿತ್ತು ಎನ್ನಿಸಿತು. ನಾನು ಗಟ್ಟಿಯಾಗಿ, "ವಾಹ್!" ಎಂದೆ.

ನಾನು ಹಾಗೆ ಅಂದದ್ದಕ್ಕೇ ಮಗಳು ಚಪ್ಪಾಳೆ ತಟ್ಟಿದಳು. ನಮ್ಮ ಮನೆಯಲ್ಲಿ ಭಾವನ ಅಭಿನಯಕ್ಕೆ ಮೊದಲ ಮೆಚ್ಚುಗೆ ನನ್ನಿಂದ ಬರಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಅಕ್ಕ ಅಡುಗೆ ಮನೆಯ ಬಾಗಿಲಲ್ಲಿ ನಿಂತು, "ನೆಲ ಒರೆಸೋಳು ನಾನು," ಎಂದು ಗೊಣಗಿ ನಕ್ಕಳು.

ಭಾವ ಮುಂದಿನ ಮಾತು ಹೇಳಲಿಲ್ಲ. ಮಗಳು ದನಿ ಹಚ್ಚಿದಳು. ಉಳಿದ ದೃಶ್ಯವನ್ನು ನಟನೇ ಮುಗಿಸಿದ. ಭಾವ ಚಾಪೆಯ ಮೇಲೆ ಕೂತರು, ಆಮೇಲೆ ಮಲಗಿದರು. ಊಟದ ಮೇಲೆ ಮಲಗುವುದು ಅವರ ಅಭ್ಯಾಸ. ಅಕ್ಕ ಹೊದಿಕೆ ಹಾಕಿದಳು. "ಚಾ ಕುಡಿದು ಹೋಗೋವಂತಿ, ಕೂಡು," ಎಂದು ನನ್ನನ್ನು ನಿಲ್ಲಿಸಿದಳು. ನಾನು ಬಸ್ಸು ಬಿಟ್ಟೆ. ಕುರ್ಚಿಯಲ್ಲೇ ನನಗೂ ಜೊಂಪು ಹತ್ತಿತು.

ಐದು ಗಂಟೆಯ ಸುಮಾರಿಗೆ ಅಕ್ಕ ಚಹಾ ತಂದು ಎಬ್ಬಿಸಿದಾಗ ಭಾವ ಕಣ್ಣು ಬಿಟ್ಟರು, ಏಳಲಿಲ್ಲ. "ಸಾಕು ಬಿಡ್ರಿ ನಾಟಕ," ಅಂದಳು ಅಕ್ಕ. ಭುಜ ಹಿಡಿದು ಅಲ್ಲಾಡಿಸಿದಳು. ಬಲಗೈ ಚಾಪೆಯಿಂದ ಜಾರಿ ನೆಲಕ್ಕೆ ಬಿತ್ತು. ಆಗ ಅವಳು ಚಹಾದ ಬಸಿಯನ್ನು ನೆಲಕ್ಕಿಟ್ಟು ಮಗಳನ್ನು ಕೂಗಿದಳು.

ಮಗಳು ಕಾರು ಓಡಿಸಿದಳು. ಆಸ್ಪತ್ರೆ ಸೇರಿ, ತಲೆಯ ಸ್ಕ್ಯಾನ್ ಆಗಿ, ಡಾಕ್ಟರು ನಮ್ಮ ಮುಂದೆ ನಿಂತಾಗ ಆರು ಗಂಟೆಯಾಗಿತ್ತು. ಅವರು ಚಿಕ್ಕ ವಯಸ್ಸಿನವರು, ನಿಧಾನವಾಗಿ ಬಿಡಿಸಿ ಹೇಳಿದರು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ. ಕರಗಿಸುವ ಇಂಜೆಕ್ಷನ್ ಇದೆ. ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದು ದಾಟಿದ ಮೇಲೆ ಕೊಟ್ಟರೆ ಮಿದುಳಿನೊಳಗೇ ರಕ್ತ ಸೋರಿ ಜೀವಕ್ಕೆ ಅಪಾಯವಾಗಬಹುದು. ಆದ್ದರಿಂದ ಸರಿಯಾದ ಹೊತ್ತು ಗೊತ್ತಾಗಬೇಕು.

"ಮೂರು ಗಂಟೆಗೆ ಚೆನ್ನಾಗಿದ್ರು ಸಾರ್," ಎಂದಳು ಅಕ್ಕ ಕೂಡಲೇ. "ಎಚ್ಚರಾಗಿ ನೀರು ಕೇಳಿದ್ರು. ನಾನೇ ಕುಡಿಸ್ದೆ. ಇಂಜೆಕ್ಷನ್ ಕೊಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಮೂರು ಎಂದರೆ ಇನ್ನೂ ಹೊತ್ತಿತ್ತು. ನಾನು ಸುಮ್ಮನಿದ್ದಿದ್ದರೆ ಡಾಕ್ಟರು ಏನು ಮಾಡುತ್ತಿದ್ದರೋ ಗೊತ್ತಿಲ್ಲ. ನನ್ನ ಬಾಯಿಯಿಂದ ಮಾತು ಹೊರಟಿತು.

"ಒಂದೂ ಹತ್ತಕ್ಕೆ ಬಲಗೈ ಏಳಲಿಲ್ಲ, ಡಾಕ್ಟ್ರೇ. ಮಾತು ತೊದಲಿತು."

ಅಕ್ಕ ನನ್ನನ್ನು ನೋಡಿದಳು. ಡಾಕ್ಟರು ಅವಳನ್ನೇ ಕೇಳಿದರು, "ಅಮ್ಮಾ, ಮೂರಕ್ಕೆ ಬಾಯಿಬಿಟ್ಟು ನೀರು ಅಂದ್ರಾ?"

"ಅಂದ್ರು... ಸನ್ನೆ ಮಾಡಿದ್ರು."

"ಯಾವ ಕೈಲಿ?"

ಅಕ್ಕ ಭಾವನ ಬಲಗೈಯತ್ತ ನೋಡಿದಳು. ಆಮೇಲೆ, "ಎಡಗೈ," ಎಂದಳು. ಮಂಚದ ಅಂಚಿಗೆ ಹಣೆ ಇಟ್ಟಳು. ಡಾಕ್ಟರು ಸ್ಕ್ಯಾನನ್ನು ಮತ್ತೊಮ್ಮೆ ನೋಡಿ ಬಂದು, ಆ ಇಂಜೆಕ್ಷನ್ ಕೊಡುವ ಹಾಗಿಲ್ಲ, ಬೇರೆ ಔಷಧ ಕೊಟ್ಟು ಕಾಯೋಣ ಎಂದರು.

ಭಾವ ಉಳಿದರು. ಹದಿಮೂರು ದಿನಕ್ಕೆ ಮನೆಗೆ ಬಂದರು. ಬಲಗಾಲು ಎಳೆದುಕೊಂಡು ನಾಲ್ಕು ಹೆಜ್ಜೆ ಇಡುತ್ತಾರೆ. ಬಲಗೈ ಮಡಿಲಲ್ಲಿ ಬಿದ್ದಿರುತ್ತದೆ. ನಾವು ಹೇಳಿದ್ದು ಅವರಿಗೆ ಅರ್ಥವಾಗುತ್ತದೆ; ಅವರು ಹೇಳಬೇಕೆಂದದ್ದು ಬಾಯಿಗೆ ಬರುವುದಿಲ್ಲ. ಎರಡು ಮೂರು ಸದ್ದು ಬರುತ್ತವೆ, ಅಷ್ಟೇ. ಮಾತು ಕಲಿಸುವ ಹುಡುಗಿ ವಾರಕ್ಕೆರಡು ಸಲ ಬಂದು ಕನ್ನಡಿ ಹಿಡಿದು 'ಅ', 'ಮ' ಅನ್ನಿಸುತ್ತಾಳೆ.

ಅಕ್ಕ ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಬಡಿಸುತ್ತಿದ್ದಳು. ನೀನು ಹೇಳಿದ್ದು ಸರಿ, ಆ ಇಂಜೆಕ್ಷನ್ ಕೊಟ್ಟಿದ್ದರೆ ಜೀವವೇ ಹೋಗುತ್ತಿತ್ತೇನೋ ಎಂದು ಮಗಳು ನನಗೆ ಸಮಾಧಾನ ಹೇಳಿದಳು. ಡಾಕ್ಟರೂ ಅದನ್ನೇ ಅಂದಿದ್ದರು. ನಾನು ತಲೆ ಆಡಿಸುತ್ತಿದ್ದೆ. ಅವರು ಸಮಾಧಾನ ಹೇಳುತ್ತಿದ್ದದ್ದು ಆರು ಗಂಟೆಗೆ ನಾನು ಆಡಿದ ಮಾತಿಗೆ. ನನ್ನನ್ನು ಕೊರೆಯುತ್ತಿದ್ದದ್ದು ಒಂದೂ ಹತ್ತಕ್ಕೆ ಆಡಿದ ಮಾತು.

ಎರಡನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅಕ್ಕ ಪಡಸಾಲೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು. ತಲೆ ಎತ್ತದೆ ಕೇಳಿದಳು.

"ತಮ್ಮಾ, ಒಂದೂ ಹತ್ತು ಅಂತ ಹೆಂಗೆ ಹೇಳ್ದಿ?"

"ಗಡಿಯಾರ ನೋಡಿದ್ದೆ."

"ಗಡಿಯಾರ ಎಲ್ಲಾರೂ ನೋಡ್ತಾರೆ. ಕೈ ಏಳಲಿಲ್ಲ, ಮಾತು ತೊದಲಿತು ಅಂದ್ಯಲ್ಲ. ನನಗೆ ಕಾಣಲಿಲ್ಲ. ಮಗಳಿಗೆ ಕಾಣಲಿಲ್ಲ. ನಿನಗೆ ಆವಾಗ್ಲೇ ಕಂಡಿತ್ತಾ, ಆಮ್ಯಾಲೆ ಆಸ್ಪತ್ರೆಯಾಗೆ ನೆನಪಾಯ್ತಾ?"

ನೆನಪಾಯಿತು ಎಂದು ಹೇಳಬಹುದಿತ್ತು. ಅವಳೇ ಆ ದಾರಿ ತೆರೆದಿಟ್ಟಿದ್ದಳು.

"ಆವಾಗ್ಲೇ ಕಂಡಿತ್ತು," ಎಂದೆ.

"ಕಂಡು ಏನು ಮಾಡ್ದಿ?"

"ವಾಹ್ ಅಂದೆ, ಅಕ್ಕ. ಇವತ್ತು ಎಲ್ಲಾ ದಿನಕ್ಕಿಂತ ಚೆನ್ನಾಗಿ ಮಾಡಿದ್ರು ಅನ್ನಿಸ್ತು. ಅವರು ನನ್ನ ಕಡೆ ನೋಡಿದ್ರು. ಅದೂ ಪಾರ್ಟು ಅಂದ್ಕೊಂಡೆ."

ಸೊಪ್ಪು ಬಿಡಿಸುವ ಕೈ ನಿಲ್ಲಲಿಲ್ಲ. ಕಡ್ಡಿ ಒಂದು ಕಡೆ, ಎಲೆ ಒಂದು ಕಡೆ ಬೀಳುತ್ತಿತ್ತು. ಒಂದು ಕಟ್ಟು ಪೂರ್ತಿ ಮುಗಿಯಿತು.

"ನಂಗ್ಯಾಕೆ ಹೇಳ್ತಿ?" ಎಂದಳು ಕೊನೆಗೆ. "ನಿನ್ನ ಕಡೆ ನೋಡಿದ್ದು ಅವರು. ಅವರಿಗೆ ಹೋಗಿ ಹೇಳು."

ಭಾವ ಒಳಗಿನ ಕೋಣೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಅವರ ಎದುರಿಗೆ ನಿಂತು, ಅಕ್ಕನಿಗೆ ಹೇಳಿದ್ದನ್ನೇ ಹೇಳಿದೆ. ಗಂಟೆ, ಲೋಟ, ನೀರು, ನನ್ನ ಮಾತು, ಒಂದನ್ನೂ ಬಿಡಲಿಲ್ಲ. ಅವರು ಕೇಳಿಸಿಕೊಂಡರು. ಮುಖದ ಎಡಭಾಗ ಅಲುಗಿತು. ಬಲಭಾಗ ಹಾಗೇ ಇತ್ತು. ಸಿಟ್ಟೋ, ನಗುವೋ, ನನಗೆ ಹೇಳಲಾಗದು. ಎಡಗೈಯಿಂದ ನನ್ನ ಅಂಗಿಯ ತೋಳು ಹಿಡಿದು ಎಳೆದರು. ಬಾಯಿ ತೆರೆದರು. ಒಂದು ಸದ್ದು ಬಂತು, ತಡೆದು ಇನ್ನೊಂದು.

"ಏನಂದ್ರು?" ಅಕ್ಕ ಬಾಗಿಲಿಗೆ ಬಂದಿದ್ದಳು.

"ತಿಳೀಲಿಲ್ಲ."

"ತಿಳಿಯೋವರೆಗೂ ಕೇಳು," ಅಂದಳು. "ನಿನಗೇನು ಬಸ್ಸಿಗೆ ಹೊತ್ತಾಗಿಲ್ಲ."

ನಾನು ಸ್ಟೂಲು ಎಳೆದುಕೊಂಡು ಅವರ ಮೊಣಕಾಲಿಗೆ ನನ್ನ ಮೊಣಕಾಲು ತಾಗುವಷ್ಟು ಹತ್ತಿರ ಕೂತೆ. "ಇನ್ನೊಂದ್ಸಲ ಹೇಳ್ರಿ, ಭಾವ," ಎಂದೆ. ಅವರು ಉಸಿರು ತೆಗೆದುಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದರು.