ಖಾದರ್ ಭಾಯ್ ಮತ್ತು ಥಿನ್ನರ್ ಬಟ್ಟೆ

ಶಿವಾಜಿನಗರದ ಖಾದರ್ ಭಾಯ್‌ಗೆ ಐವತ್ತೆಂಟು ವರ್ಷ. ಅದರಲ್ಲಿ ನಲವತ್ತು ವರ್ಷ ಕಾರುಗಳಿಗೆ ಬಣ್ಣ ಹಚ್ಚುವುದಕ್ಕೇ ಹೋಯಿತು. ಗೀರು ಎಲ್ಲಿತ್ತೆಂದು ಗೊತ್ತಿದ್ದವರೂ ಅವರ ಕೈ ಬಿದ್ದ ಮೇಲೆ ಹುಡುಕಿ ಸೋಲಬೇಕು, ಅದೇ ಅವರ ಜಂಬ. ಅವರ ಉಸ್ತಾದ್ ಕಿವಿ ಹಿಂಡಿ ಕಲಿಸಿದ ಪಾಠ ಒಂದೇ: ಗಾಡಿ ಮುಂದೆ ನಿಂತ ಕೂಡಲೇ ಬಣ್ಣ ಕರಗಿಸುವ ಥಿನ್ನರ್ ಬಟ್ಟೆಯಲ್ಲಿ ಒರೆಸು, ಮಾತುಕತೆ ಆಮೇಲೆ. ಆ ಪಾಠವೇ ಕೊನೆಗೆ ಒಂದು ಸಂಸಾರವನ್ನು ಬೀದಿಗೆ ತಂದಿತು.

ಸಿ.ವಿ. ರಾಮನ್ ನಗರದ ಅಪಾರ್ಟ್‌ಮೆಂಟಿನಿಂದ ಫೋನ್ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಹೋಗಿ ನೋಡಿದರೆ ಕಾರಿನ ಒಡತಿ ಪ್ರಿಯದರ್ಶಿನಿ ಬೇಸ್‌ಮೆಂಟಿನಲ್ಲಿ ಕೆಂಡಾಮಂಡಲವಾಗಿ ನಿಂತಿದ್ದರು. ಪಕ್ಕದಲ್ಲಿ ಕೆಂಪು ಬಕೆಟ್ ಹಿಡಿದು ತಲೆತಗ್ಗಿಸಿದ್ದವನು ಹುಸೇನಪ್ಪ. ಯಾದಗಿರಿ ಕಡೆಯವನು, ಅಲ್ಲಿನ ಕಾರುಗಳನ್ನೆಲ್ಲ ದಿನಾ ತೊಳೆಯುವವನು. ಜನರೇಟರ್ ಪಕ್ಕದ ಕೋಣೆಯಲ್ಲಿ ಹೆಂಡತಿ ಜಟ್ಟೆಮ್ಮನ ಜೊತೆ ಇದ್ದ. ಕೆಲಸ ಹೋದರೆ ಕೋಣೆಯೂ ಹೋಯಿತು.

"ನೋಡಿ ಖಾದರ್ ಭಾಯ್, ಹೊಸಾ ಗಾಡಿ! ಇವನೇ ಬಕೆಟ್ ಉಜ್ಜಿ ಗೀರು ಮಾಡಿರೋದು. ಸಂಜೆ ಕಮಿಟಿ ಮೀಟಿಂಗ್‌ನಲ್ಲಿ ಹೇಳಿ ಇವನನ್ನ ಕಳಿಸಿಬಿಡ್ತೀನಿ" ಎಂದರು ಪ್ರಿಯದರ್ಶಿನಿ.

"ದೇವರಾಣಿ ನಾ ಮಾಡಿಲ್ರೀ ಅಕ್ಕಾರ. ನಾ ಬಕೆಟ್ ತರೋದ್ರಾಗ ಆ ಗೀರು ಇತ್ರೀ" ಎಂದ ಹುಸೇನಪ್ಪ.

ಖಾದರ್ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೈ ತಾನಾಗಿಯೇ ಬಟ್ಟೆಗೆ ಥಿನ್ನರ್ ಸುರಿದುಕೊಂಡು, ಹಿಂದಿನ ಬಾಗಿಲಿನ ಗೇಣುದ್ದದ ಗೀರನ್ನು ಎರಡು ಸಲ ಉಜ್ಜಿತು. ಗೀರಿನೊಳಗೆ ಕೂತಿದ್ದ ಹಳದಿ ಬಣ್ಣ ಬಟ್ಟೆಗೆ ಇಳಿಯಿತು.

ಹಳದಿ! ಖಾದರ್ ಸುತ್ತ ನೋಡಿದರು. ಬೇಸ್‌ಮೆಂಟಿನ ಕಂಬಗಳು ಬರೀ ಸಿಮೆಂಟು. ಬಕೆಟ್ ಕೆಂಪು. ಅಂದರೆ ಈ ನೀಲಿ ಗಾಡಿ ಹೊರಗೆ ಯಾವುದೋ ಹಳದಿ ಕಂಬಕ್ಕೆ ಮೈ ತಿಕ್ಕಿಕೊಂಡು ಬಂದಿದೆ, ಓಡಿಸಿದ್ದು ಈಯಮ್ಮನೇ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗಾಯಿತು. ಇದ್ದ ಒಂದೇ ಸಾಕ್ಷಿಯನ್ನು ಖಾದರ್ ತಾವೇ ಅಳಿಸಿಬಿಟ್ಟಿದ್ದರು.

"ಮೇಡಂ, ಇದ್ರಲ್ಲಿ ಹಳದಿ ಇತ್ತು. ಹೊರಗಡೆ ಎಲ್ಲೋ ಕಂಬಕ್ಕೆ ತಾಗಿದೆ. ಇವನ ತಪ್ಪೇನಿಲ್ಲ."

"ಎಲ್ಲಿದೆ ಹಳದಿ? ತೋರಿಸಿ."

ಖಾದರ್ ಬಟ್ಟೆ ಬಿಡಿಸಿದರು. ಅದರಲ್ಲಿ ಇಲ್ಲದ ಬಣ್ಣವೇ ಇರಲಿಲ್ಲ. ಹಿಂದಿನ ದಿನವಷ್ಟೇ ಹಲಸೂರಿನಲ್ಲಿ ಒಂದು ಆಟೋಗೆ ಹಳದಿ ಬಳಿದು, ಅದರಲ್ಲೇ ಕೈ ಒರೆಸಿದ್ದರು. ಯಾವ ಹಳದಿ ಯಾವುದೆಂದು ಯಾವ ದೇವರು ಹೇಳಬೇಕು? ಪ್ರಿಯದರ್ಶಿನಿ ಒಂದು ಕ್ಷಣ ಆ ಬಾಗಿಲನ್ನೇ ನೋಡಿದರು, ಮುಖ ಕೆಂಪಾಯಿತು. ಆಕೆಗೆ ಗೊತ್ತಿತ್ತು, ಖಂಡಿತ ಗೊತ್ತಿತ್ತು! ಆದರೂ "ನೀವು ಬಂದಿರೋದು ಸ್ಕ್ರ್ಯಾಚ್ ತೆಗೆಯೋಕೆ. ಅಷ್ಟು ಮಾಡಿ" ಎಂದು ಲಿಫ್ಟ್ ಹತ್ತಿ ಹೋದರು.

ಖಾದರ್ ಗೀರಿನ ಮೇಲೆ ಉಗುರು ಆಡಿಸಿದರು. ಗೀರು ಆಳವಾಗಿದ್ದ ಒಂದೇ ಕಡೆ ಉಗುರು ಸಿಕ್ಕಿಕೊಂಡಿತು. ಅಲ್ಲಿಗೆ ಬಣ್ಣದ ಚುಕ್ಕೆ ಇಟ್ಟು, ಒಣಗಿಸಿ, ನೀರು ಹಾಕಿ ಉಪ್ಪುಕಾಗದ ಉಜ್ಜಿ, ಪಾಲಿಶ್ ಮಾಡಿದರು. ಗೀರನ್ನು ಹಾಗೇ ಬಿಟ್ಟು ಎದ್ದು ಬರಬಹುದಿತ್ತಲ್ಲ! ಅರ್ಧ ಕೆಲಸ ಬಿಟ್ಟ ಅಭ್ಯಾಸ ಈ ಮನುಷ್ಯನಿಗಿಲ್ಲ, ಹಾಳಾದ್ದು.

ಸಂಜೆವರೆಗೂ ಕಾದು ಮೀಟಿಂಗಿಗೇ ಹೋಗಿ ಎಲ್ಲವನ್ನೂ ಹೇಳಿದರು. ಕಮಿಟಿಯವರು ಕೆಳಗಿಳಿದು ಬಂದರು. "ಎಲ್ಲಿತ್ತು ಗೀರು?" ಎಂದರು ಕಾರ್ಯದರ್ಶಿ ರಿಜ್ವಾನ್. ಖಾದರ್ ಬೆರಳಿಟ್ಟು ತೋರಿಸಿದರು. ರಿಜ್ವಾನ್ ಮೊಬೈಲಿನ ಟಾರ್ಚ್ ಹಾಕಿ, ಬಗ್ಗಿ, ಆ ಕಡೆ ಈ ಕಡೆ ನೋಡಿದರು.

"ಇಲ್ಲೇನೂ ಇಲ್ವಲ್ರೀ! ಭೇಷ್ ಭಾಯ್, ಏನ್ ಕೈ ನಿಮ್ದು! ನಂಬರ್ ಕೊಡಿ, ನಮ್ಮ ಗಾಡೀಲೂ ಒಂದಿದೆ."

ಹಳದಿಯ ಮಾತು ಅಲ್ಲಿಗೇ ಮುಗಿಯಿತು. ಪ್ರಿಯದರ್ಶಿನಿ ಹೇಳಿದಂತೆ ಹುಸೇನಪ್ಪನನ್ನು ತೆಗೆಯಬೇಕೆಂದು ಎಲ್ಲರೂ ಕೈ ಎತ್ತಿದರು. ಖಾದರ್‌ಗೆ ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಾರನೆಯ ಬೆಳಿಗ್ಗೆ ಕ್ಷಮೆ ಕೇಳಲೆಂದು ಖಾದರ್ ಮತ್ತೆ ಹೋದರು. ಜಟ್ಟೆಮ್ಮ ಹಾಸಿಗೆ, ಒಲೆ, ಕೊಡಗಳನ್ನು ಆಟೋಗೆ ತುಂಬುತ್ತಿದ್ದಳು. ಇವರ ಕಡೆ ತಿರುಗಿಯೂ ನೋಡಲಿಲ್ಲ. ಹುಸೇನಪ್ಪ ಆ ನೀಲಿ ಕಾರಿನ ಹತ್ತಿರ ಹೋಗಿ, ಗೀರಿದ್ದ ಜಾಗದ ಮೇಲೆ ಅಂಗೈ ಆಡಿಸಿದ.

"ಕೆಲಸ ಭಾಳ ಛಲೋ ಮಾಡೀರಿ ಭಾಯಾರ" ಎಂದ. "ಒಂಚೂರೂ ಕಾಣಂಗಿಲ್ಲ."