ಕಣ್ಣು ಮುಚ್ಚಿ ನಿಂತ ಕಳ್ಳ

ಈಗಷ್ಟೇ ಬಾಣಲೆಯ ಎಣ್ಣೆಗೆ ಇಂಗು ಬಿತ್ತು. ಈ ವಾಸನೆಗೆ ಎಲ್ಲರಿಗೂ ಸಾಂಬಾರು ನೆನಪಾದರೆ ನನಗೆ ಪೊಲೀಸರು ನೆನಪಾಗುತ್ತಾರೆ. ನಗಬೇಡಿ, ಹೇಳುತ್ತೇನೆ.

ಕುಂದಾಪುರದ ಕಡೆಯಿಂದ ತಮಿಳು ಸೀಮೆಗೆ ಬಂದು ಪುರಸೈವಾಕ್ಕಂನಲ್ಲಿ ಸಣ್ಣ ಹೋಟೆಲು ಇಟ್ಟವನು ನಾನು. ನಮ್ಮಂಥವರು ಒಡವೆಯನ್ನಾದರೂ ಮರೆತು ಮೇಜಿನ ಮೇಲೆ ಬಿಟ್ಟೇವು, ಸಾಂಬಾರು ಪುಡಿಯ ಹದವನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಶುಕ್ರವಾರ ಪುಡಿಗೆ ಹುರಿಯುವಾಗ, ಕೆಮ್ಮಿ ಕೆಮ್ಮಿ ಸತ್ತರೂ ಕಿಟಕಿ ತೆರೆಯುತ್ತಿರಲಿಲ್ಲ.

ಕೊರೋನಾ ಇಳಿದ ಮೇಲೆ, ಹುರಿಯುವ ದಿನವೇ ಸರಿಯಾಗಿ, ನನ್ನಷ್ಟೇ ವಯಸ್ಸಾದ ಮುದುಕನೊಬ್ಬ ಆ ಕಿಟಕಿಯ ಸಂದಿಗೆ ಮೂಗೊಡ್ಡಿ ನಿಲ್ಲತೊಡಗಿದ. ಎದುರು ಹೋಟೆಲಿನವರ ಗೂಢಚಾರನೇ ಸರಿ ಎಂದುಕೊಂಡೆ. ಆದರೆ ಪುಡಿಯ ಗುಟ್ಟು ಕದಿಯುತ್ತಾನೆ ಎಂದರೆ ಪೊಲೀಸರು ಬಂದಾರೆಯೇ? ಫೋನಿನಲ್ಲಿ ಒಂದು ಸುಳ್ಳಿನ ಒಗ್ಗರಣೆ ಹಾಕಿದೆ: ಹಿಂಬಾಗಿಲ ಬೀಗ ಅಲುಗಿಸುತ್ತಿದ್ದಾನೆ!

ಕಾನ್‌ಸ್ಟೇಬಲ್ ಬಂದವನೇ ಅವನ ಕಾಲರ್ ಹಿಡಿದ. ಬೀದಿ ನೆರೆಯಿತು. ಹಿಂದೆಯೇ ಬಂದ ಸಬ್‌ಇನ್‌ಸ್ಪೆಕ್ಟರ್ ಮೇಡಂ ಆ ಕೈ ಬಿಡಿಸಿ ನನ್ನತ್ತ ತಿರುಗಿದರು. ಮಾತೆಲ್ಲ ತಮಿಳಿನಲ್ಲಿ.

"ಪೆರಿಯವರೇ, ಬೀಗ ಮುಟ್ಟಿದ್ದು ನೀವೇ ನೋಡಿದ್ರಾ?"

"ನಿಂತಿರ್ತಾನೆ ಮೇಡಂ... ಕಣ್ಣು ಮುಚ್ಕೊಂಡು."

"ಕಣ್ಣು ಮುಚ್ಕೊಂಡು ಹೊಂಚು ಹಾಕೋ ಕಳ್ಳನಾ?"

ಬೀದಿಯೆಲ್ಲ ನಕ್ಕಿತು. ಅವನು ನಗಲಿಲ್ಲ. "ರಾಯಪುರಂನಲ್ಲಿ ಮೂಟೆ ಹೊತ್ತವನಮ್ಮಾ. ಈಗ ಇಲ್ಲೇ ಮಗಳ ಮನೇಲಿದೀನಿ. ಜ್ವರ ಬಂದ್ಮೇಲೆ ಮೂಗು ಸತ್ತೋಯ್ತು, ಯಾವ ವಾಸನೇನೂ ಗೊತ್ತಾಗಲ್ಲ. ಈ ಇಂಗಿಗಾದ್ರೂ ಎದ್ದೀತಾ ಅಂತ ನಿಲ್ತೀನಿ. ಮೊಮ್ಮಗಳು ನೋಡ್ತಿದ್ದಾಳೆ, ಕಳ್ಳ ಅನ್ನಬೇಡಿ."

ಬೀಗದ ಮಾತು ಸುಳ್ಳೆಂದು ಒಪ್ಪಿಕೊಂಡೆ.

"ಬೀದೀಲಿ ಕಳ್ಳ ಅಂದ್ರಿ, ಬೀದೀಲೇ ಕ್ಷಮೆ ಕೇಳಿ," ಎಂದರು ಮೇಡಂ. ಕೇಳಿದೆ. ಆಮೇಲೆ ಕಾನ್‌ಸ್ಟೇಬಲ್‌ನತ್ತ, "ನೀನೂ ಕೇಳಪ್ಪಾ. ವಿಚಾರಿಸೋ ಮುಂಚೆ ಕಾಲರ್ ಹಿಡಿದೆಯಲ್ಲ." ಕೊನೆಗೆ, "ಇವನನ್ನು ಕಳಿಸಿದ್ದು ನಾನು," ಎಂದು ತಾವೂ ಕೈಮುಗಿದರು. ಖಾಕಿ ಕೈಮುಗಿದದ್ದನ್ನು ನಾನು ಕಂಡಿದ್ದು ಅದೇ ಮೊದಲು.

ನನ್ನ ಹೆಂಡತಿ ಮಾತ್ರ ಕ್ಷಮಿಸಲಿಲ್ಲ. "ಎಂತ ಮಾರಾಯ್ರೆ, ಮೂಗೇ ಇಲ್ದವ್ರು ವಾಸ್ನಿ ಕದ್ರು ಅಂದ್ಕಂಡ್ ಕಂಪ್ಲೇಂಟ್ ಕೊಟ್ರಿಯಾ?"

ಮುಂದಿನ ಶುಕ್ರವಾರ ಕಿಟಕಿ ತೆರೆದು, ಹೊರಗೊಂದು ಕುರ್ಚಿ ಹಾಕಿದೆ. ಅವರು ಬಂದರು, ಕಣ್ಣು ಮುಚ್ಚಿ ಕುಳಿತರು, ಇಲ್ಲವೆಂದು ತಲೆಯಾಡಿಸಿ ಹೋದರು. ಹೀಗೆಯೇ ಎಷ್ಟೋ ವಾರ. ಒಂದು ದಿನ ನಾನು ಗಿರಾಕಿಯೊಡನೆ ಹರಟುತ್ತಿದ್ದಾಗ ಹೊರಗಿನಿಂದ ಕೂಗು:

"ಸಾಮಿ! ಮೆಂತೆ ಸೀದು ಹೋಗ್ತಿದೆ!"

ಓಡಿದೆ. ಬಾಣಲೆಯಲ್ಲಿ ಮೆಂತೆ ಕರಕಲು, ಕಿಟಕಿಯಾಚೆ ಅವರ ಕಣ್ಣಲ್ಲಿ ನೀರು. ಆ ಕರಕಲು ವಾಸನೆಯಲ್ಲಿ ಇಬ್ಬರು ಮುದುಕರು ಕೈ ಹಿಡಿದುಕೊಂಡು ಹುಚ್ಚರಂತೆ ನಕ್ಕೆವು.

ಇವತ್ತೂ ಶುಕ್ರವಾರ. "ಸಾಮಿ, ಇಂಗು ಸ್ವಲ್ಪ ಕಮ್ಮಿ," ಎನ್ನುತ್ತಿದೆ ಕುರ್ಚಿ. ನಮ್ಮ ಹದ ಈಗ ಬೀದಿಗೆಲ್ಲ ಗೊತ್ತು. ನಾನು ಇನ್ನೊಂದು ಚಿಟಿಕೆ ಹಾಕಿದೆ.